ಒಂಬತ್ತನೆಯ ಪೆಟ್ಟು

ಅದೇ ತಂಡ, ಅವೇ ಹದಿನೇಳು ಹಾಡು, ಆದರೂ ಎರಡು ಶೋಗಳಲ್ಲಿ ಯಾವುದು ಚೆನ್ನಾಗಿತ್ತು ಎಂಬ ಜಗಳ ಮಾತ್ರ ಹರಿಯಲೇ ಇಲ್ಲ. ಮೊದಲನೆಯದು ಊರಾಚೆಯ ಮೈದಾನದಲ್ಲಿ ನಡೆದಿತ್ತು. ಎರಡನೆಯದು ಹದಿನಾರು ದಿನ ಬಿಟ್ಟು, ಪೇಟೆ ಮಧ್ಯದ ಹಳೇ ಥಿಯೇಟರಿನಲ್ಲಿ. ಹತ್ತು ಸಾವಿರ ಜನ ಒಟ್ಟಿಗೆ ಕೈಯೆತ್ತಿದ್ದನ್ನು ಆ ಥಿಯೇಟರಿನವರು ಕನಸಲ್ಲಾದರೂ ಕಂಡಿದ್ದಾರಾ ಎಂದು ಮೈದಾನದ ಪಕ್ಷದವರು ಕೇಳುತ್ತಿದ್ದರು. ಅರ್ಧ ಹಾಡು ಗಾಳಿಯ ಪಾಲಾಯಿತು, ಉಳಿದರ್ಧ ಪಕ್ಕದ ಊರಿನವರು ಕೇಳಿಸಿಕೊಂಡರು, ನಿಮಗೆ ಸಿಕ್ಕಿದ್ದು ಧೂಳು ಮಾತ್ರ ಎಂದು ಥಿಯೇಟರಿನ ಪಕ್ಷದವರು ಮೂಗು ಮುರಿಯುತ್ತಿದ್ದರು. ಜಗಳ ಕೊನೆಗೆ ಒಂದೇ ವಿಷಯಕ್ಕೆ ಬಂದು ನಿಲ್ಲುತ್ತಿತ್ತು. ಥಿಯೇಟರಿನ ಶೋನಲ್ಲಿ ಒಂಬತ್ತನೆಯದು ಇತ್ತು, ಮೈದಾನದ್ದರಲ್ಲಿ ಇರಲಿಲ್ಲ.

ಆ ಒಂಬತ್ತನೆಯದು ಏನು ಎಂದು ಬಲ್ಲವನು ಲೋಕದಲ್ಲಿ ಒಬ್ಬನೇ ಎಂದು ಎಲ್ಲರೂ ನಂಬಿದ್ದರು. ಅವನೇ ತಂಡದ ಸೌಂಡಿನವನು. ತಂಡದವರು ಅವನನ್ನು ಕರೆಯುತ್ತಿದ್ದದ್ದು 'ಕಿವಿ' ಎಂದು. ಇಪ್ಪತ್ತೆರಡು ವರ್ಷಗಳಿಂದ ಅವನು ಪ್ರತಿ ಶೋನಲ್ಲೂ ಜನರ ಹಿಂದೆ, ಗುಂಡಿಗಳು ತುಂಬಿದ ಮಿಕ್ಸರಿನ ಮುಂದೆ ಕೂತು, ಯಾರ ದನಿ ಏಳಬೇಕು ಯಾರದ್ದು ತಗ್ಗಬೇಕು ಎಂದು ಬೆರಳಲ್ಲೇ ಆಳುತ್ತ ಬಂದಿದ್ದ. ಪಕ್ಕದ ಮನೆಯ ನಲ್ಲಿ ತೊಟ್ಟಿಕ್ಕುವುದು ಅವನಿಗೆ ಕೇಳುತ್ತದೆ, ಅಡುಗೆಮನೆಯಿಂದ ತಾನು ಮೂರು ಸಲ ಕೂಗಿದ್ದು ಕೇಳುವುದಿಲ್ಲ ಎಂಬುದು ಅವನ ಹೆಂಡತಿಯ ಹಳೆಯ ದೂರು. ಆ ಹೆಂಡತಿಯ ತಮ್ಮನೇ ತಂಡದ ಹಾಡುಗಾರ.

ಅವರ ಕೊನೆಯ ಹಾಡಿಗೊಂದು ವಾಡಿಕೆ ಇತ್ತು. ಮೊದಲ ವರ್ಷ ಯಾವುದೋ ಶಾಲೆಯ ಕೊಠಡಿಯಲ್ಲಿ ಹಾಡುತ್ತಿದ್ದಾಗ ನಡುವೆ ಕರೆಂಟು ಹೋಯಿತು. ಕೇಳಲು ಬಂದಿದ್ದ ಮೂವತ್ತು ಜನ ತಾಳ ಬಿಡದೆ ಕತ್ತಲಲ್ಲೇ ನೆಲ ತುಳಿದರು. ಎಂಟನೆಯ ಹೆಜ್ಜೆಗೆ ಕರೆಂಟು ಬಂತು, ಹಾಡು ಮುಂದುವರಿಯಿತು. ಅಂದಿನಿಂದ ಆ ಹಾಡಿನ ನಡುವೆ ತಂಡ ಬೇಕೆಂದೇ ನಿಲ್ಲುತ್ತದೆ. ಜನ ಎಂಟು ಸಲ ನೆಲ ತುಳಿಯುತ್ತಾರೆ. ಆಮೇಲೆ ಉಸಿರೆಳೆದುಕೊಳ್ಳುವಷ್ಟು ಮೌನ. ಅದಾದ ಮೇಲೆ ಡ್ರಮ್ಮು ಸಿಡಿಯುತ್ತದೆ.

ಮೈದಾನದಲ್ಲಿ ಹತ್ತು ಸಾವಿರ ಜನರ ಎಂಟು ಹೆಜ್ಜೆಯನ್ನು ಹುಲ್ಲು ನುಂಗಿಹಾಕಿತ್ತು. ಥಿಯೇಟರಿನಲ್ಲಿದ್ದವರು ಒಂದು ಸಾವಿರದ ಮೇಲೆ ಸ್ವಲ್ಪ, ಅದರಲ್ಲಿ ಮುನ್ನೂರ ನಲವತ್ತು ಜನ ಬಾಲ್ಕನಿಯಲ್ಲಿ. ಅಲ್ಲಿ ಎಂಟು ಹೆಜ್ಜೆಯೂ ಎದೆಗೇ ಬಿದ್ದಂತೆ ಬಿದ್ದವು. ಆಮೇಲಿನ ಮೌನದಲ್ಲಿ, ಡ್ರಮ್ಮಿಗೆ ಮೊದಲು, ಮತ್ತೊಂದು ಪೆಟ್ಟು ಕೇಳಿತು. ಉಳಿದ ಎಂಟಕ್ಕಿಂತ ತಗ್ಗಿನದು, ಭಾರದ್ದು, ಒಂಟಿ. ಮನೆಯಲ್ಲಿ ಕೂತು ಧ್ವನಿಮುದ್ರಣ ತಿದ್ದುವಾಗ ಅದು ಕಿವಿಯ ಕಿವಿಗೆ ಬಿತ್ತು. ಅವನಿಗೆ ಅದು ಎಷ್ಟು ಇಷ್ಟವಾಯಿತೆಂದರೆ ಇಡೀ ಮಧ್ಯಾಹ್ನ ಅದರ ಮೇಲೇ ಕೂತ. ಎತ್ತರಿಸಿದ, ಸುತ್ತಲಿನ ಗದ್ದಲ ತೆಗೆದ, ಅಂಚು ನಯಮಾಡಿದ. ಮುದ್ರಣ ಹೊರಬಂದ ವಾರದಲ್ಲೇ ಜನ ಅದರ ಹುಚ್ಚು ಹಿಡಿಸಿಕೊಂಡರು. ಹಾಡಿನ ಹೆಸರು ಬಿಟ್ಟು 'ಒಂಬತ್ತನೇದು ಹಾಕು' ಎನ್ನುವುದೇ ರೂಢಿಯಾಯಿತು.

ರೇಡಿಯೋದವಳೊಬ್ಬಳು ಅವನನ್ನು ಮಾತಿಗೆ ಕರೆದಳು. "ಅದನ್ನ ಹೇಗೆ ಮಾಡಿದ್ರಿ ಸರ್?" ಎಂದು ಕಣ್ಣರಳಿಸಿ ಕೇಳಿದಳು. ಮಾಡಿದ್ದು ನಾನಲ್ಲ, ಅದು ಅಲ್ಲೇ ಇತ್ತು ಎಂದಿದ್ದರೆ ಆಗುತ್ತಿತ್ತು. ಆದರೆ ಇಪ್ಪತ್ತೆರಡು ವರ್ಷದಲ್ಲಿ ಅವನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಹಾಡುಗಾರನನ್ನು ಕೇಳಿದ್ದರು, ಗಿಟಾರಿನವನನ್ನು ಕೇಳಿದ್ದರು, ಕೊನೆಗೆ ಗಿಟಾರಿನವನ ನಾಯಿಯ ಬಗ್ಗೆ ಕೂಡ ಕೇಳಿದ್ದರು. ಅವನು ಸ್ವಲ್ಪ ಉಬ್ಬಿದ. "ಅದೆಲ್ಲ ನಮ್ಮ ಕೈಚಳಕ ಬಿಡಿ, ಪೂರ್ತಿ ಹೇಳೋಕಾಗಲ್ಲ" ಎಂದು ನಕ್ಕುಬಿಟ್ಟ.

ಆ ನಗು ಊರೆಲ್ಲ ಸುತ್ತಿತು. ಹೆಂಡತಿ ಬಂಧುಗಳಿಗೆಲ್ಲ ಫೋನು ಮಾಡಿ ಹೇಳಿದಳು. ಅದೇ ಥಿಯೇಟರಿನಲ್ಲಿ ಇನ್ನೊಂದು ಶೋ ನಿಗದಿಯಾಯಿತು. ಬಾಲ್ಕನಿಯವರ ಕಾಲಿನಲ್ಲೇ ಆ ಸದ್ದಿನ ಗುಟ್ಟಿದೆ ಎಂದು ಯಾರೋ ಹೇಳಿದ್ದಕ್ಕೆ ಬಾಲ್ಕನಿಯ ಟಿಕೆಟ್ಟುಗಳೇ ಮೊದಲು ಮುಗಿದವು. ಪೋಸ್ಟರಿನಲ್ಲಿ ಮೊಟ್ಟಮೊದಲ ಬಾರಿ ಅವನ ಫೋಟೋ ಬಂತು. ಕೆಳಗೆ, ತಂಡದ ಮ್ಯಾನೇಜರಮ್ಮ ಬರೆಸಿದ ಸಾಲು: 'ಬಾಲ್ಕನಿ ಗೆಳೆಯರೇ, ಈ ಸಲ ಇನ್ನೂ ಜೋರಾಗಿ ತುಳಿಯಿರಿ!'

ಆ ಶೋ ಇದ್ದ ದಿನ ಬೆಳಿಗ್ಗೆ ಅವನು ಮೇಜಿನ ಮುಂದೆ ಕೂತ. ಪತ್ರಿಕೆಯೊಂದು ಅವನಿಂದ ಒಂದು ಪುಟ ಕೇಳಿತ್ತು. ಎರಡೂ ಶೋಗಳನ್ನು ಹೋಲಿಸಿ, ಯಾವುದು ಏಕೆ ಮೇಲು ಎಂದು ಅವನೇ ಹೇಳಬೇಕಂತೆ. ಬರೆಯುವುದೆಂದರೆ ಅವನಿಗೆ ಬೆವರು. ಆದರೂ ಹೊಗಳಿಕೆಯ ರುಚಿ ಹತ್ತಿತ್ತು. ಮೊದಲು ಮೂಲ ಮುದ್ರಣಗಳನ್ನು ಕೇಳೋಣ ಎಂದು, ತಾನು ಮಾಡಿದ್ದ ಅಲಂಕಾರವನ್ನೆಲ್ಲ ತೆಗೆದು, ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡ.

ಮೈದಾನದ್ದು: ಎಂಟು. ಬೆರಳು ಮಡಚಿ ಎಣಿಸಿದ. ಎಂಟೇ.

ಥಿಯೇಟರಿನದು: ಎಂಟು, ಆಮೇಲೆ ಅದು.

ಇದು ಏನು ಎಂದು ಬರೆಯಬೇಕಲ್ಲ ಎಂದು ಆಗ ಮೊದಲ ಬಾರಿ ಯೋಚಿಸಿದ. ಮಾರ್ದನಿಯಾಗಿದ್ದರೆ ಪ್ರತಿ ಹೆಜ್ಜೆಗೂ ಬರಬೇಕಿತ್ತು. ಏಳನ್ನು ಬಿಟ್ಟು ಕೊನೆಯದಕ್ಕೆ ಮಾತ್ರ ಬರುವ ಮಾರ್ದನಿಯನ್ನು ಅವನು ಕೇಳಿದವನಲ್ಲ. ಯಾರೋ ತಡವಾಗಿ ಕಾಲು ಹಾಕಿದರು ಎನ್ನೋಣವೆಂದರೆ, ಒಬ್ಬಿಬ್ಬರ ಕಾಲಿಗೆ ಅಷ್ಟು ತೂಕವಿಲ್ಲ, ಮುನ್ನೂರು ಜನ ಮಾತಾಡಿಕೊಂಡು ಒಟ್ಟಿಗೆ ತಡಮಾಡುವುದಿಲ್ಲ. ಆ ದಿನ ಜನರ ಗದ್ದಲ ಹಿಡಿಯಲು ಅವನು ಮೂರು ಮೈಕು ಇಟ್ಟಿದ್ದ. ಎರಡು ವೇದಿಕೆಯ ಅಂಚಿನಲ್ಲಿ. ಇನ್ನೊಂದನ್ನು ತನ್ನ ತಲೆಯ ಮೇಲೆಯೇ, ಬಾಲ್ಕನಿಯ ತಳದಿಂದ ಇಳಿಬಿಟ್ಟಿದ್ದ. ಒಂದೊಂದನ್ನೇ ಬೇರೆ ಮಾಡಿ ಕೇಳಿದ. ವೇದಿಕೆಯ ಮೈಕುಗಳಲ್ಲಿ ಒಂಬತ್ತನೆಯದು ಸಣ್ಣಗೆ, ತಡವಾಗಿ ಕೇಳುತ್ತಿತ್ತು. ಬಾಲ್ಕನಿ ಕೆಳಗಿನದರಲ್ಲಿ ಅದು ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ದೊಡ್ಡದಾಗಿ ಇತ್ತು.

ಅವನ ಕಸುಬಿನವರಿಗೆಲ್ಲ ಒಂದು ಅಭ್ಯಾಸವಿದೆ. ಜನರ ಗದ್ದಲ ಹಿಡಿಯುವ ಮೈಕಿನಿಂದ ತೀರ ತಗ್ಗಿನ ಸದ್ದನ್ನು ಕೇಳುವ ಮುಂಚೆಯೇ ಕತ್ತರಿಸಿ ಎಸೆಯುತ್ತಾರೆ. ಫ್ಯಾನು, ಲಾರಿ, ನೀರಿನ ಪಂಪು ಬಿಟ್ಟರೆ ಅದರಲ್ಲಿ ಇನ್ನೇನೂ ಇರುವುದಿಲ್ಲ. ಅವನೂ ಎಸೆದಿದ್ದ. ಈಗ ಆ ಕತ್ತರಿಸಿದ್ದನ್ನು ವಾಪಸು ಸೇರಿಸಿ, ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿಕೊಂಡು ಮತ್ತೆ ಕೇಳಿದ.

ಎಂಟು ಹೆಜ್ಜೆಯ ಅಡಿಯಲ್ಲಿ, ಭಾರದವರು ಹಳೆಯ ಮಂಚದ ಮೇಲೆ ಮಗ್ಗುಲು ಬದಲಿಸಿದಂಥ ಒಂದು ನರಳಿಕೆ ಇತ್ತು. ಒಂದೊಂದು ಹೆಜ್ಜೆಗೂ ಅದು ಒಂದಿಷ್ಟು ಕೆಳಗಿಳಿಯುತ್ತಿತ್ತು. ಕಾಲುಗಳು ನಿಂತ ಕೂಡಲೇ ಏನೋ ಮೇಲೆದ್ದು, ತನ್ನ ಜಾಗಕ್ಕೆ ವಾಪಸು ಬಂದು ಕೂತಿತು. ಜನ ಹುಚ್ಚೆದ್ದು ಕೇಳುತ್ತಿದ್ದ ಒಂಬತ್ತನೆಯ ಪೆಟ್ಟು ಅದು. ಅದರ ಬೆನ್ನಿಗೇ, ಒಣ ಕಡ್ಡಿ ಮುರಿದಂತೆ, ಟಕ್ ಎಂದು ಒಂದು ಚಿಕ್ಕ ಸದ್ದು.

ಅವನು ಹೆಡ್‌ಫೋನು ತೆಗೆದಿಟ್ಟ. ಆ ದಿನ ಶೋ ಮುಗಿದಾಗ ಮಿಕ್ಸರಿನ ಮೇಲೆ ಬಿಳಿ ಪುಡಿ ಉದುರಿತ್ತು. ಉಫ್ ಎಂದು ಊದಿ, ಹಾಳು ಥಿಯೇಟರು ಎಂದು ಬೈದು, ಮುಸುಕು ಹಾಕಿದ್ದ. ಪುಡಿ ಎಲ್ಲಿಂದ ಬಂತು ಎಂದು ತಲೆಯೆತ್ತಿ ಕೂಡ ನೋಡಿರಲಿಲ್ಲ.

ಮೊದಲು ನೆನಪಾದದ್ದು ಮಗಳು. ಅವಳೂ ಅವಳ ಕಾಲೇಜಿನ ಮೂವರು ಗೆಳತಿಯರೂ ಆ ಸಂಜೆಗೆ ಬಾಲ್ಕನಿಯ ಮೊದಲ ಸಾಲಿನಲ್ಲಿ ಜಾಗ ಹಿಡಿದಿದ್ದರು. ಫೋನು ಮಾಡಿದ.

"ನೀನು ಬಾಲ್ಕನೀಲಿ ಕೂರಬೇಡ. ವೇದಿಕೆ ಪಕ್ಕದ ಪಾಸು ಕೊಡ್ತೀನಿ, ನಾಲ್ಕೂ ಜನ ಕೆಳಗೆ ಬನ್ನಿ."

"ಯಾಕಪ್ಪಾ? ಒಂಬತ್ತನೇದು ಬರೋದೇ ಬಾಲ್ಕನಿಯಿಂದ ಅಂತಾರೆ."

"ಕೆಳಗೆ ಸೌಂಡು ಚೆನ್ನಾಗಿರುತ್ತೆ. ಅಪ್ಪನ ಮಾತು ಕೇಳು."

ಅವಳು ಕೇಳಿದಳು. ಗೆಳತಿಯರು ಮಾತ್ರ ಜಪ್ಪಯ್ಯ ಎಂದರೂ ಬಾಲ್ಕನಿ ಬಿಡುವುದಿಲ್ಲ ಎಂದರಂತೆ. ಅವನು ಮತ್ತೆ ಒತ್ತಾಯ ಮಾಡಲಿಲ್ಲ. ಹೇಗೂ ಮಧ್ಯಾಹ್ನ ಹೋಗಿ ಬಾಲ್ಕನಿಯನ್ನೇ ಖಾಲಿ ಮಾಡಿಸುತ್ತೇನಲ್ಲ ಎಂದುಕೊಂಡ.

ಥಿಯೇಟರಿನಲ್ಲಿ ಮೊದಲು ಸಿಕ್ಕವಳು ಗುಡಿಸುವಾಕೆ. ಸೊಂಟಕ್ಕೆ ಸೆರಗು ಸಿಕ್ಕಿಸಿ, ಬಾಲ್ಕನಿ ಕೆಳಗಿನ ಕುರ್ಚಿಗಳನ್ನು ಒರೆಸುತ್ತಿದ್ದಳು. ಹೋದ ಸಲ ಶೋ ಆದ ಮೇಲೆ ಇಲ್ಲಿ ಏನಾದರೂ ಬಿದ್ದಿತ್ತಾ ಎಂದು ಕೇಳಿದ.

"ಬಿದ್ದಿತ್ತಾ ಅಂತ ಕೇಳ್ತೀರಲ್ಲ! ಮೂರು ಸಾಲು ಪೂರ್ತಿ ಹಿಟ್ಟು ಚೆಲ್ಲಿದ ಹಾಗಿತ್ತು. ಬೇರೆ ಯಾರ ಶೋಗೂ ಹೀಗಾಗಲ್ಲ. ನಿಮ್ಮೋರ ಕಾಲಿಗೆ ಏನು ಕಟ್ಕೊಂಡು ಬರ್ತಾರೋ!"

"ಯಾರಿಗಾದ್ರೂ ಹೇಳಿದ್ರಾ?"

"ಹೇಳ್ದೆ. ಪೊರಕೆ ತಗೋ ಅಂದ್ರು" ಎಂದು ಅವಳು ಮತ್ತೆ ಬಟ್ಟೆ ಹಿಂಡಿದಳು.

ಅವನು ಮೇಲೆ ಹತ್ತಿದ. ಬಾಲ್ಕನಿ ಗೋಡೆಗೆ ಸೇರುವ ಕಡೆ ಹೊಸದಾಗಿ ಬಣ್ಣ ಬಳಿದಿದ್ದರು. ಆ ಬಣ್ಣದ ನಡುವೆ ಕೂದಲೆಳೆಯಂಥ ಗೆರೆ ಈ ತುದಿಯಿಂದ ಆ ತುದಿಗೆ ಹೋಗಿತ್ತು. ಒಂದು ಕಡೆ ಅವನ ಉಗುರು ಒಳಗೆ ಹೋಯಿತು. ಒಮ್ಮೆ ತುಳಿದು ನೋಡೋಣ ಎಂದು ಕಾಲೆತ್ತಿದವನು, ಧೈರ್ಯ ಸಾಲದೆ, ಮಲಗಿದ ಮಗುವಿನ ಪಕ್ಕ ನಡೆಯುವವನಂತೆ ಮೆಲ್ಲಗೆ ಇಳಿಸಿದ.

ಮ್ಯಾನೇಜರಮ್ಮ ಕೆಳಗೆ ವೇದಿಕೆಯ ಹತ್ತಿರ ಎರಡು ಫೋನುಗಳಲ್ಲಿ ಒಟ್ಟಿಗೆ ಮಾತಾಡುತ್ತಿದ್ದಳು. ಎರಡೂ ಮುಗಿಯುವ ತನಕ ಅವನು ಕಾದ.

"ಬಾಲ್ಕನಿ ಖಾಲಿ ಮಾಡಿಸಬೇಕು."

"ಬಾಗಿಲು ತೆಗೆಯೋಕೆ ಇನ್ನು ಎರಡು ಗಂಟೆ ಕೂಡ ಇಲ್ಲ. ಮುನ್ನೂರ ನಲವತ್ತು ಜನಾನ ಎಲ್ಲಿ ಕೂರಿಸಲಿ, ನನ್ನ ತಲೆ ಮೇಲಾ?"

"ಅದು ಗಟ್ಟಿ ಇಲ್ಲ. ಗೋಡೆ ಹತ್ರ ಬಿರುಕು ಬಿಟ್ಟಿದೆ."

"ಹಳೇ ಕಟ್ಟಡ ಅಂದ್ಮೇಲೆ ಬಿರುಕು ಇರಲ್ವಾ? ಥಿಯೇಟರಿನವರು ಪರೀಕ್ಷೆ ಮಾಡಿಸಿದ ಕಾಗದ ತೋರಿಸಿದ್ದಾರೆ, ಸೀಲು ಹಾಕಿದೆ. ನಿಮ್ಮ ಹತ್ರ ಏನಿದೆ?"

"ಒಂಬತ್ತನೇದು. ಅದು…"

"ಅದಕ್ಕೂ ಇದಕ್ಕೂ ಏನು ಸಂಬಂಧ? ಅದು ನೀವು ಮಾಡಿದ್ದಲ್ವಾ?"

ಅಷ್ಟರಲ್ಲಿ ಹಾಡುಗಾರ ಬಂದ. ಬಂದವನು ಅವನ ಹೆಗಲ ಮೇಲೆ ಕೈಹಾಕಿ, "ಮತ್ತೆ ಇನ್ಯಾರು ಮಾಡೋದು? ನಮ್ಮ ಬಾವನ ಕೈಯದ್ದು ಅದು! ಅಕ್ಕ ಇವತ್ತು ತನ್ನ ಆಫೀಸಿನೋರನ್ನೆಲ್ಲ ಕರ್ಕೊಂಡು ಬರ್ತಿದ್ದಾಳೆ, ಬಾವನ್ನ ತೋರಿಸೋಕೆ" ಎಂದ.

ಅಲ್ಲಿ ಎರಡೇ ಮಾತು ಸಾಕಿತ್ತು. ನಾನು ಮಾಡಿದ್ದಲ್ಲ, ಸುಳ್ಳು ಹೇಳಿದ್ದೆ. ಅಷ್ಟು ಹೇಳಿದ್ದರೆ ಮ್ಯಾನೇಜರಮ್ಮನ ಮುಖದ ಬಣ್ಣ ಬದಲಾಗುತ್ತಿತ್ತು. ಅವಳು ಬೈಯುತ್ತಿದ್ದಳು, ಆದರೆ ಬಾಲ್ಕನಿಗೆ ಬೀಗ ಹಾಕಿಸುತ್ತಿದ್ದಳು. ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಹೆಗಲ ಮೇಲೆ ಭಾವಮೈದುನನ ಕೈ ಇತ್ತು, ಎದುರಿನ ಗೋಡೆಯ ಮೇಲೆ ತನ್ನದೇ ಫೋಟೋ ಇತ್ತು. ಹೆಂಡತಿ ತನ್ನ ಆಫೀಸಿನವರ ನಡುವೆ ತಲೆತಗ್ಗಿಸಿ ಕೂತದ್ದು ಕಣ್ಣಿಗೆ ಕಟ್ಟಿತು. ಅವನಿಗೆ ನಾಚಿಕೆಯಾಯಿತು, ಮತ್ತು ನಾಚಿಕೆ ಆ ಹೊತ್ತಿನಲ್ಲಿ ಭಯಕ್ಕಿಂತ ದೊಡ್ಡದಾಗಿತ್ತು.

"ಹೌದು, ನಂದೇ" ಎಂದ. "ಆದ್ರೂ ಅಷ್ಟು ಜನ ಒಟ್ಟಿಗೆ ತುಳಿಯೋದು ಬೇಡ. ಇವತ್ತೊಂದು ದಿನ ಆ ಹಾಡು ಬಿಟ್ಟುಬಿಡೋಣ. ಗಂಟಲು ಕೆಟ್ಟಿದೆ ಅನ್ನು."

"ಜನ ಬರ್ತಿರೋದೇ ಅದಕ್ಕೆ ಬಾವ!" ಎಂದು ಹಾಡುಗಾರ ಗೊಣಗಿದ. ಆಮೇಲೆ ಬಾವನ ಮುಖ ನೋಡಿ, "ಸರಿ, ನೀವು ಹೇಳಿದ್ಮೇಲೆ ಮುಗೀತು" ಎಂದ.

ಹಾಡಿಲ್ಲ ಎಂದರೆ ಹೆಜ್ಜೆ ಇಲ್ಲ. ಹೆಜ್ಜೆ ಇಲ್ಲ ಎಂದರೆ ಅಪಾಯವಿಲ್ಲ. ಈ ಲೆಕ್ಕವನ್ನು ಅವನು ಮನಸ್ಸಿನಲ್ಲಿ ಹತ್ತು ಸಲ ಒಪ್ಪಿಸಿಕೊಂಡ. ಹನ್ನೊಂದನೆಯ ಸಲಕ್ಕೆ ಸ್ವಲ್ಪ ನಂಬಿಕೆಯೂ ಬಂತು.

ಸಂಜೆ ಆರಕ್ಕೆ ಶೋ ಶುರುವಾಯಿತು. ಮಿಕ್ಸರು ಹೋದ ಸಲ ಇದ್ದಲ್ಲೇ, ಬಾಲ್ಕನಿಯ ಕೆಳಗೇ ಇತ್ತು. ಮಗಳು ಕೆಂಪು ಅಂಗಿ ಹಾಕಿಕೊಂಡು ವೇದಿಕೆಯ ಎಡಗಡೆ ನಿಂತಿದ್ದಳು. ಹೆಂಡತಿ ಮುಂದಿನ ಸಾಲುಗಳಲ್ಲಿ ಕೂತು, ಆಗಾಗ ಹಿಂದೆ ತಿರುಗಿ, ಪಕ್ಕದವರಿಗೆ ಅವನನ್ನು ಬೆರಳು ಮಾಡಿ ತೋರಿಸುತ್ತಿದ್ದಳು. ಶೋಗೆ ಮೊದಲು, ಅಲ್ಲೇ ಮೂಲೆಯಲ್ಲಿದ್ದ ಮೆಟ್ಟಿಲಿನಿಂದ ಬಾಲ್ಕನಿಯವರು ಹತ್ತುವ ಸದ್ದನ್ನು ಅವನು ಒಂದೊಂದಾಗಿ ಕೇಳಿದ್ದ. ಹದಿನಾರು ಹಾಡು ನಡೆದವು. ಆ ಹದಿನಾರು ಹಾಡಿಗೂ ಅವನ ಒಂದು ಕಿವಿ ವೇದಿಕೆಯ ಮೇಲಿದ್ದರೆ ಇನ್ನೊಂದು ಮೇಲ್ಗಡೆ ಇತ್ತು. ಮೇಲಿನವರು ಕುಣಿದರು, ಆದರೆ ಒಬ್ಬೊಬ್ಬರು ಒಂದೊಂದು ತಾಳಕ್ಕೆ. ನರಳಿಕೆ ಕೇಳಲಿಲ್ಲ.

ಹಾಡುಗಾರ ಗಂಟಲು ಹಿಡಿದು ತೋರಿಸಿ, ಕೈಮುಗಿದು, ಇವತ್ತಿಗೆ ಇಷ್ಟೇ ಎಂದ. ತಂಡದ ನಾಲ್ವರೂ ಒಳಗೆ ಹೋದರು. ದೀಪ ಹತ್ತಿದವು. ಕಿವಿ ಅಂದು ಮೊದಲ ಬಾರಿ ಕುರ್ಚಿಗೆ ಬೆನ್ನು ಒರಗಿಸಿದ.

ಜನ ಏಳಲಿಲ್ಲ. ಅರ್ಧ ನಿಮಿಷ ಗುಜುಗುಜು. ಆಮೇಲೆ ಬಾಲ್ಕನಿಯಿಂದ ಯಾರೋ ಒಂದು ಕಾಲು ತುಳಿದರು. ಇನ್ನೊಬ್ಬರು ಜತೆಗೂಡಿದರು. ಹಾಡು ಬೇಕು ಎಂದು ಕೇಳಲು ಅವರಿಗೆ ಗೊತ್ತಿದ್ದ ಭಾಷೆ ಅದೊಂದೇ. ಚೆಲ್ಲಾಪಿಲ್ಲಿಯಾಗಿದ್ದ ಹೆಜ್ಜೆಗಳು ನೋಡನೋಡುತ್ತ ಒಂದಾದವು. ತಂಡ ಇಲ್ಲದೆ, ಡ್ರಮ್ಮು ಇಲ್ಲದೆ, ಇಡೀ ಥಿಯೇಟರು ಎಂಟು ಹೆಜ್ಜೆ ತುಳಿದು ಉಸಿರು ಹಿಡಿದು ನಿಂತಿತು.

ಆ ಮೌನದಲ್ಲಿ ಒಂಬತ್ತನೆಯದು ಬಂತು. ಮುದ್ರಣದಲ್ಲಿ ಇದ್ದುದಕ್ಕಿಂತ ದೊಡ್ಡದು. ಅವನ ಮಿಕ್ಸರಿನ ಕಪ್ಪು ಗುಂಡಿಗಳ ಮೇಲೆ ಬಿಳಿ ಪುಡಿ ಸುರಿಯಿತು.

ಜನ ಹೋ ಎಂದು ಕಿರುಚಿದರು. ಕೆಳಗಿದ್ದವರ ತಲೆಗಳೆಲ್ಲ ಅವನ ಕಡೆ ತಿರುಗಿದವು. ಚಪ್ಪಾಳೆ ಬಿತ್ತು. ಅವನೇ ಮಾಡಿದನೆಂದು ಎಲ್ಲರೂ ನಂಬಿದರು. ಹೆಂಡತಿ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಳು.

ಅವನು ತಂಡದವರೊಡನೆ ಮಾತಾಡಲು ಇಟ್ಟಿದ್ದ ಪುಟ್ಟ ಮೈಕು ಎತ್ತಿಕೊಂಡು, ಅದನ್ನು ದೊಡ್ಡ ಸ್ಪೀಕರುಗಳಿಗೆ ತಿರುಗಿಸಿದ. ಇಪ್ಪತ್ತೆರಡು ವರ್ಷ ಎಲ್ಲರ ದನಿ ದೊಡ್ಡದು ಮಾಡಿದವನ ದನಿ ಮೊದಲ ಬಾರಿ ಥಿಯೇಟರು ತುಂಬಿತು.

"ನಾನು ಸೌಂಡಿನವನು. ಆ ಒಂಬತ್ತನೇದು ನಂದಲ್ಲ. ಸುಳ್ಳು ಹೇಳಿದ್ದೆ. ಅದು ಬಾಲ್ಕನಿ. ಬಾಲ್ಕನಿ ಮುರೀತಿದೆ. ದಯವಿಟ್ಟು ತುಳೀಬೇಡಿ. ಒಬ್ಬೊಬ್ಬರಾಗಿ, ಮೆಲ್ಲಗೆ ಇಳೀರಿ."

ಮೇಲಿನಿಂದ ಯಾರೋ "ಆಹಾ, ಏನ್ ಐಡಿಯಾ ಗುರೂ!" ಎಂದು ಕೂಗಿದರು. ನಗು ಬಾಲ್ಕನಿಯಲ್ಲಿ ಹುಟ್ಟಿ ಕೆಳಗೆ ಇಳಿಯಿತು. ಅದೂ ಕೈಚಳಕವೇ, ಪೂರ್ತಿ ಹೇಳಲಾಗದ ಆ ಗುಟ್ಟಿನ ಭಾಗವೇ ಎಂದು ಅವರು ತಿಳಿದರು. ತಾನು ರೇಡಿಯೋದಲ್ಲಿ ನಕ್ಕಿದ್ದೂ ಹೀಗೇ ಎಂದು ಅವನಿಗೆ ಅನ್ನಿಸಿತು. "ಸುಳ್ಳಲ್ಲ! ಇದು ನಿಜ! ಇಳೀರಿ!" ಎಂದು ಅವನು ಕಿರುಚಿದ. ನಗು ಇನ್ನೂ ಹೆಚ್ಚಾಯಿತು.

ನಗದೇ ಇದ್ದವಳು ಒಬ್ಬಳೇ. ವೇದಿಕೆಯ ಪಕ್ಕದಿಂದ ಮಗಳು ಅವನನ್ನೇ ನೋಡುತ್ತಿದ್ದಳು. ಬೆಳಗಿನ ಫೋನು ಏಕೆ ಬಂದಿತ್ತು ಎಂಬುದು ಅವಳ ಮುಖದಲ್ಲಿ ನಿಧಾನವಾಗಿ ಮೂಡಿದ್ದನ್ನು ಅವನು ಅಷ್ಟು ದೂರದಿಂದಲೂ ಕಂಡ. ಅಪ್ಪನಿಗೆ ಬೆಳಿಗ್ಗೆಯೇ ಗೊತ್ತಿತ್ತು. ಅಪ್ಪ ಅವಳೊಬ್ಬಳನ್ನು ಮಾತ್ರ ಇಳಿಸಿದ್ದ. ಅವಳು ತಲೆಯೆತ್ತಿ ಬಾಲ್ಕನಿಯ ಮೊದಲ ಸಾಲು ನೋಡಿದಳು. ಅಲ್ಲಿ ಮೂವರು ಗೆಳತಿಯರು ಕೈಬೀಸಿ ಅವಳನ್ನು ಕರೆಯುತ್ತಿದ್ದರು.

ಅವಳು ಓಡಿದಳು. ಹೊರಬಾಗಿಲ ಕಡೆಗಲ್ಲ, ಬಾಲ್ಕನಿಯ ಮೆಟ್ಟಿಲ ಕಡೆಗೆ.

"ಬೇಡ ಮಗಳೇ!" ಎಂದ ಅವನು. ಮೈಕು ಅವನ ಕೈಯಿಂದ ಜಾರಿತ್ತು, ಯಾರಿಗೂ ಕೇಳಲಿಲ್ಲ. ಮೇಲೆ ಒಂದು ಕಾಲು ಬಿತ್ತು. ಮುನ್ನೂರ ನಲವತ್ತು ಜನ ಜತೆಗೂಡಿದರು. ಎರಡು. ಮೂರು. ಅವನು ಕುರ್ಚಿ ಉರುಳಿಸಿ, ಜನರನ್ನು ತಳ್ಳಿಕೊಂಡು, ಮಗಳ ಕಡೆ ನುಗ್ಗಿದ. ನಾಲ್ಕು. ಬೆನ್ನು ತಟ್ಟುವ ಕೈಗಳು ದಾರಿಯುದ್ದಕ್ಕೂ ಅವನನ್ನು ಹಿಡಿದು ನಿಲ್ಲಿಸುತ್ತಿದ್ದವು. ಐದು. ಕೆಂಪು ಅಂಗಿ ಬಾಲ್ಕನಿಯ ನೆರಳಿನೊಳಗೆ ಬಂತು. ಆರು. ಅವಳ ಕೈ ಮೆಟ್ಟಿಲ ಕಂಬಿ ಹಿಡಿಯಿತು. ತನ್ನ ಕಿವಿ ಒಂದೇ ಒಂದು ಸಲ ಸುಳ್ಳಾಗಲಿ ಎಂದು ಅವನು ಬೇಡಿಕೊಂಡ.

ಏಳು.

ಈ ಸಲ ಅದು ಎಂಟರವರೆಗೆ ಕಾಯಲಿಲ್ಲ.